ಕಂಡಕ್ಟರ್ ಕರೆಯದ ಊರು

ಹೆಸರಿಗಿಂತ ದೊಡ್ಡ ಆಸ್ತಿ ಮನುಷ್ಯನಿಗೆ ಇನ್ನೊಂದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಆ ಕಾಲದಲ್ಲಿ ನಮ್ಮ ಪಾಲಿಗೆ ಸಂಜೆ ಬಸ್ಸಿನ ಕಿಟಕಿ ಪಕ್ಕದ ಸೀಟು ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ಆಗ ಮದ್ದೂರಿನಿಂದ ಆತಗೂರಿನ ಮೇಲೆ ನಮ್ಮೂರಿಗೆ ಸಂಜೆ ಒಂದೇ ಬಸ್ಸು. ವೀಳ್ಯದೆಲೆ, ಬಾಳೆಗೊನೆ, ಯಾರದೋ ಚೀಲದೊಳಗಿನ ಒಣಮೀನು, ದಾರಿಯ ಆಲೆಮನೆಯಿಂದ ಕಿಟಕಿಗೆ ನುಗ್ಗುವ ಬಿಸಿ ಬೆಲ್ಲದ ಘಮ, ಇಷ್ಟೂ ಸೇರಿ ಒಂದು ವಾಸನೆ. ಇವತ್ತಿಗೂ ನಾನು ಅದನ್ನು ವಿದ್ಯಾಭ್ಯಾಸದ ವಾಸನೆ ಎಂದೇ ತಿಳಿದಿದ್ದೇನೆ.

ಹಿಂದಿನ ಸೀಟಿನಲ್ಲಿ ನಾನೂ ಮಾದೇವಿಯೂ ಗಜ್ಜುಗ ಆಡುತ್ತಿದ್ದೆವು. ಇಬ್ಬರೂ ಏಳನೇ ಕ್ಲಾಸು. ನಮ್ಮೂರು ಕೊನೆಯ ಸ್ಟಾಪು. ಅದಕ್ಕೆ ಒಂದೂವರೆ ಮೈಲಿ ಮೊದಲು ಗುಡ್ಡದ ಬುಡದಲ್ಲಿ ಅವಳ ಇರುಳಿಗರದೊಡ್ಡಿ. ಜೇನು, ಗೆಡ್ಡೆ ನಂಬಿ ಕಾಡಿನಲ್ಲಿ ಬದುಕಿದ್ದ ಇರುಳಿಗರು ಗುಡ್ಡ ಇಳಿದು ಬಂದು ಕಟ್ಟಿಕೊಂಡ ಇಪ್ಪತ್ತು ಮನೆ. ನಮ್ಮೂರು ಹುಟ್ಟುವ ಮೊದಲೇ ಅವರು ಅಲ್ಲಿದ್ದರು ಎಂಬುದನ್ನು ನಮ್ಮಜ್ಜಿಯೂ ಒಪ್ಪುತ್ತಿದ್ದಳು. ಅಜ್ಜಿ ಯಾವುದನ್ನೂ ಸುಲಭಕ್ಕೆ ಒಪ್ಪುವ ಪೈಕಿಯಲ್ಲ.

ಆ ವರ್ಷ ಪಂಚಾಯ್ತಿ ಮೆಂಬರಾಗಿದ್ದ ನಮ್ಮ ದೊಡ್ಡಪ್ಪನಿಗೆ ಲೋಕೋಪಕಾರದ ಹುಕಿ ಬಂತು. ಇರುಳಿಗರದೊಡ್ಡಿ ಎಂದರೆ ಕೇಳಿದವರಿಗೆ ಕಾಡು ನೆನಪಾಗುತ್ತದೆ, ಮುಂದುವರಿದ ಕಾಲಕ್ಕೆ ಇದು ಶೋಭೆಯಲ್ಲ ಎಂದು ತೀರ್ಮಾನಿಸಿ, ದೊಡ್ಡಿಗೆ ಶಾಂತಿನಗರ ಎಂದು ನಾಮಕರಣ ಮಾಡಿಸಿದರು. ಅಲ್ಲಿ ಶಾಂತಿಗೆ ಎಂದೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನೀರಿಗೆ. ಹಳದಿ ಬೋರ್ಡು ನೆಟ್ಟರು. ಬಸ್ ಪಾಸಿನ ಮೇಲೂ ಹೊಸ ಹೆಸರು ಬಂತು. ದೊಡ್ಡಿಯವರನ್ನು ಯಾರೂ ಕೇಳಲಿಲ್ಲ. ಯಾರೂ ಕೇಳದಿರುವುದು ಅವರಿಗೂ ಅಭ್ಯಾಸವಾಗಿತ್ತು.

ಬೋರ್ಡು ನೆಟ್ಟ ಮಾರನೆಯ ಸಂಜೆ ಕಂಡಕ್ಟರ್ ನಂಜಣ್ಣ ಸೀಟಿ ಊದಿ, "ಸಾಂತಿನಗರ, ಯಾರಮ್ಮ ಇಳಿಯೋರು" ಎಂದ. ಮಾದೇವಿ ಗಜ್ಜುಗ ಮೇಲಕ್ಕೆಸೆದು ಹಿಡಿದಳು.

"ಇಳಿಯಮ್ಮಿ, ನಿಮ್ಮೂರು ಬಂತು."

"ನಮ್ಮೂರು ಬಂದ್ರೆ ಇಳೀತೀನಿ ಬುಡಣ್ಣ."

"ಮತ್ತೆ ಇದ್ಯಾವ್ದು?"

"ನೀನ್ ಕರ್ದಿದ್ದು ಯಾವೂರೋ. ನಂಗೊತ್ತಿಲ್ಲ."

ಬಸ್ಸು ಹೊರಟಿತು. ಅವಳು ನಮ್ಮೂರಿನಲ್ಲಿಳಿದು, ಪುಸ್ತಕದ ಚೀಲ ತಲೆಗೆ ಹಾಕಿಕೊಂಡು ಒಂದೂವರೆ ಮೈಲಿ ವಾಪಸ್ಸು ನಡೆದಳು. ಮಾರನೆಯ ದಿನವೂ ಅಷ್ಟೆ. ಆಷಾಢ ಕಳೆದು ಶ್ರಾವಣ ಬಂದರೂ ಅಷ್ಟೆ. ನಂಜಣ್ಣ ಗದರಿದ, ಪೆಪ್ಪರ್‌ಮಿಂಟ್ ಕೊಟ್ಟ, ಸ್ಟೇಜಿನ ಪಟ್ಟಿಯಲ್ಲಿ ಇಲ್ಲದ ಹೆಸರು ಕೂಗಿದರೆ ತನ್ನ ಕೆಲಸ ಹೋಗುತ್ತದೆಂದು ಕೈಮುಗಿದ. ಪೆಪ್ಪರ್‌ಮಿಂಟ್ ತಿಂದಳು, ಇಳಿಯಲಿಲ್ಲ. ಒಂದು ದಿನ ತಡೆಯಲಾರದೆ ನಾನೇ ಇರುಳಿಗರದೊಡ್ಡಿ ಎಂದು ಕೂಗಿದೆ. "ನೀನೇನು ಕಂಡಕ್ಟ್ರಾ?" ಎಂದು ಕೇಳಿ ಆಟ ಮುಂದುವರಿಸಿದಳು.

ಒಂದು ಸಂಜೆ ಅವಳ ಜೊತೆ ಅರ್ಧ ದಾರಿ ನಡೆದೆ. ಆಗ ಕಾರಣ ಹೇಳಿದಳು. ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬದಲ್ಲಿ ಅವಳ ತಾತ ಸಿದ್ದಯ್ಯ ಡೋಲು ಬಡಿದು ಹಾಡುತ್ತಾ ಸತ್ತವರನ್ನು ಕರೆಯುತ್ತಿದ್ದ. ಅವರು ಗುಡ್ಡದ ಮೇಲಿನಿಂದ ದಾರಿ ತಪ್ಪದೆ ಬರಬೇಕಲ್ಲ, ಅದಕ್ಕೆ ದಾರಿಯುದ್ದದ ಹೆಸರುಗಳನ್ನು ಕ್ರಮವಾಗಿ ಹೇಳುತ್ತಿದ್ದ: ಜೇನುಕಲ್ಲು, ಕರಡಿಬಂಡೆ, ಸೊಗದೆಹಳ್ಳ, ಕಡೆಗೆ ಇರುಳಿಗರದೊಡ್ಡಿ. ಒಂದೊಂದು ಹೆಸರಿಗೂ ಡೋಲಿನ ಪೆಟ್ಟು ಬೇರೆ. ಮಾದೇವಿಯ ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆ ಸಲ ಅವ್ವನಿಗೆ ಮೊದಲ ಎಡೆ.

"ಕಡೇ ಎಸ್ರು ಬ್ಯಾರೆ ಆಗೋದ್ರೆ, ನಮ್ಮವ್ವ ಎಲ್ಲಿಳೀತಾಳೆ?" ಎಂದಳು ಮಾದೇವಿ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಸತ್ತೋರಿಗೂ ಬಸ್ ಪಾಸು ಮಾಡಿಸವ್ರಾ ಎಂದು ಅಜ್ಜಿ ನಕ್ಕಳು. ಆಮೇಲೆ ಎಲೆಗೆ ಸುಣ್ಣ ಹಚ್ಚಿದವಳು ಅದನ್ನು ಬಾಯಿಗಿಡದೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಮಾರ್ಲಾಮಿ ಬಂತು. ನಮ್ಮ ಮನೆಯ ಹಬ್ಬ ಅವತ್ತು, ದೊಡ್ಡಿಯವರದು ಮಾರನೆಯ ದಿನ. ಪರೀಕ್ಷೆಯಿದ್ದುದರಿಂದ ಹಬ್ಬ ಬಿಟ್ಟು ಸ್ಕೂಲಿಗೆ ಹೋಗಿದ್ದೆ. ಸಂಜೆಯ ಬಸ್ಸಿನಲ್ಲಿ ಸಿದ್ದಯ್ಯನೂ ದೊಡ್ಡಿಯ ಹದಿನಾಲ್ಕು ಮಂದಿಯೂ ಇದ್ದರು. ಎಡೆಗೆ ಬೇಕಾದ ಸಾಮಾನು ಕೊಂಡು, ಡೋಲಿಗೆ ಹೊಸ ಚರ್ಮ ಕಟ್ಟಿಸಿಕೊಂಡು ಬರುತ್ತಿದ್ದರು. ನಂಜಣ್ಣ ಸಣ್ಣ ದನಿಯಲ್ಲಿ "ಸಾಂತಿನಗರ" ಎಂದ. ಏಳಲು ಹೋದವರು ಮಾದೇವಿಯ ಮುಖ ನೋಡಿದರು. ಮಾದೇವಿ ಕಿಟಕಿಯಾಚೆ ನೋಡಿದಳು. ಸಿದ್ದಯ್ಯ ಡೋಲನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು ಕೂತ. ಉಳಿದವರೂ ಕೂತರು.

ಬಸ್ಸು ನಮ್ಮ ಮನೆಯ ಮುಂದೆ ನಿಂತಿತು. ಒಳಗಿಂದ ಕಜ್ಜಾಯ ಕರಿಯುವ ವಾಸನೆ. ಅಷ್ಟೂ ಜನ ಬಂದು ಜಗಲಿಯ ಮೇಲೆ ಕೂತರು. ಹಿರಿಯರ ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸುವಂತಿಲ್ಲ. ಅಜ್ಜಿ ಜಗಲಿಯ ಮೇಲೆಯೇ ಎಲೆ ಹಾಕಿದಳು. ಅವರನ್ನು ಒಳಕ್ಕೆ ಕರೆಯುವಷ್ಟು ಅಗಲ ನಮ್ಮ ಬಾಗಿಲಿಗೆ ಆಗ ಇರಲಿಲ್ಲ.

ದೊಡ್ಡಪ್ಪ ಹೊಸ ಪಂಚೆಯಲ್ಲಿ ಹೊರಗೆ ಬಂದರು.

"ಏನಯ್ಯ ಸಿದ್ದಯ್ಯ, ನಿಮ್ಮೂರಲ್ಲಿ ಇಳಿಯೋದಲ್ವಾ?"

"ಊರು ಸಿಕ್ಕನಿಲ್ಲ ಬುದ್ದಿ."

"ಒಳ್ಳೇ ಎಸ್ರು ಕಣಯ್ಯ ಅದು. ನಿಮ್ಗೇ ಮರ್ವಾದೆ."

ಸಿದ್ದಯ್ಯ ತಲೆ ತಗ್ಗಿಸಿದ. ಮಾದೇವಿ ತಗ್ಗಿಸಲಿಲ್ಲ. "ಅಷ್ಟು ಒಳ್ಳೇದಾದ್ರೆ ನಿಮ್ಮೂರಿಗೇ ಇಟ್ಕಳಿ ಗೌಡ್ರೆ" ಎಂದಳು.

ಬಡಿಸುವ ಕೈಗಳು ನಿಂತವು. ದೊಡ್ಡಪ್ಪ ಪಂಚೆಯ ಅಂಚು ಸರಿಮಾಡಿಕೊಂಡರು. ಸಾರ್ವಜನಿಕ ಜೀವನದಲ್ಲಿ ಉತ್ತರ ಹೊಳೆಯದಾಗ ಅವರು ಯಾವಾಗಲೂ ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಅಜ್ಜಿ ಕಜ್ಜಾಯದ ಬುಟ್ಟಿ ಕೆಳಗಿಟ್ಟು ಮಗನ ಕಡೆ ತಿರುಗಿದಳು.

"ಲೇ ಪುಟ್ಸಾಮಿ, ಈಗ ಒಳ್ಗೆ ನಿಮ್ಮಪ್ಪನ್ನ ಎಡೇಗೆ ಯಾವೂರ್ ಎಸ್ರೇಳಿ ಕರ್ದೆ?"

ದೊಡ್ಡಪ್ಪನ ಕೈ ಮತ್ತೆ ಪಂಚೆಯ ಅಂಚಿಗೆ ಹೋಯಿತು.

"ನಾಳಿಕ್ ಅವ್ರ ಅಬ್ಬ. ಅಷ್ಟ್ರಲ್ಲಿ ಅಳ್ಸು."

ಮಾರನೆಯ ಬೆಳಿಗ್ಗೆ ನಾವು ಸ್ಕೂಲಿಗೆ ಹೋಗುವಾಗ ಪೇಂಟರ್ ಬೋರ್ಡಿನ ಮುಂದೆ ಕೂತಿದ್ದ, ದೊಡ್ಡಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ಸಂಜೆ ನಂಜಣ್ಣ ಬೋರ್ಡು ಕೊಟ್ಟ ಧೈರ್ಯದಲ್ಲಿ ಪಟ್ಟಿಯನ್ನು ಮರೆತು, ಫುಟ್‌ಬೋರ್ಡಿಗೆ ಜೋತುಬಿದ್ದು, ಮೂರು ತಿಂಗಳಿಂದ ನುಂಗಿಟ್ಟುಕೊಂಡಿದ್ದ ದನಿಯನ್ನೆಲ್ಲ ಸೇರಿಸಿ "ಇರುಳಿಗರದೊಡ್ಡೀ" ಎಂದು ಕೂಗಿದ. ಮಾದೇವಿ ಗಜ್ಜುಗಗಳನ್ನು ಲಂಗದ ಮಡಿಲಿಗೆ ಹಾಕಿಕೊಂಡು ಇಳಿದಳು. ಹಿಂತಿರುಗಿ ನೋಡಲಿಲ್ಲ. ಬಸ್ಸು ತಿರುವು ದಾಟುವ ಮೊದಲು ಡೋಲು ಕೇಳಿಸಿತು. ನಾನು ಪೆಟ್ಟು ಎಣಿಸಲು ನೋಡಿದೆ; ಎರಡನೆಯ ಹೆಸರಿನ ಹೊತ್ತಿಗೆ ಇಂಜಿನ್ನು ಗದ್ದಲವೆಬ್ಬಿಸಿತು.

ಈಗ ಆ ಬಸ್ಸಿಲ್ಲ, ಎಲ್ಲರ ಹತ್ತಿರ ಬೈಕಿದೆ. ಸ್ಟಾಪಿನ ಹೆಸರು ಕೂಗುವ ಕೆಲಸವೇ ಉಳಿದಿಲ್ಲ. ಕರಡಿಬಂಡೆ ಜಲ್ಲಿಯಾಗಿ ರಸ್ತೆ ಸೇರಿತು. ಸೊಗದೆಹಳ್ಳ ಒಂದು ಸಿಮೆಂಟ್ ಪೈಪು. ಜೇನುಕಲ್ಲಿನಲ್ಲಿ ಜೇನು ಕಟ್ಟಿ ವರ್ಷಗಳಾದವು. ಸಿದ್ದಯ್ಯ, ಅಜ್ಜಿ, ದೊಡ್ಡಪ್ಪ ಮೂವರೂ ಈಗ ಎಡೆಗೆ ಬರುವವರ ಸಾಲಿನಲ್ಲಿದ್ದಾರೆ. ಹೋದ ವರ್ಷ ಮಾರ್ಲಾಮಿಗೆ ದೊಡ್ಡಿಗೆ ಹೋಗಿದ್ದೆ. ಡೋಲು ಮಾದೇವಿಯ ಕೈಯಲ್ಲಿತ್ತು. ಇಲ್ಲದ ಬಂಡೆಯನ್ನೂ ಇಲ್ಲದ ಹಳ್ಳವನ್ನೂ ಬಿಡದೆ ನಾಲ್ಕು ಹೆಸರನ್ನೂ ಕರೆದಳು.

ಬೋರ್ಡು ಇನ್ನೂ ಅಲ್ಲೇ ಇದೆ. ಅದರ ಮೇಲೆ ಇರುಳಿಗರದೊಡ್ಡಿ ಎಂದಿದೆ.