ನೀಲಮ್ಮ ಹೇಳಿದ ‘ಒಲ್ಲೆ’

ಬೆಳಿಗ್ಗೆ ಹಾಲಿಗೆಂದು ಹೋದಾಗ ಅಂಗಡಿಯಾತ ಗಲ್ಲಾಪೆಟ್ಟಿಗೆಗೆ ಆರತಿ ಎತ್ತುತ್ತಿದ್ದ. ಕರ್ಪೂರದ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಚಿಕ್ಕಂದಿನಲ್ಲಿ ಅದರ ಬೆನ್ನಿಗೇ ಕೋಸಂಬರಿ ಬರುತ್ತಿತ್ತು ನೋಡಿ. ಭಕ್ತಿಗಿಂತ ಹೊಟ್ಟೆಯೇ ಮುಂದಾದ ಜೀವ ನನ್ನದು. ಆದರೆ ಅದೇ ವಾಸನೆಗೆ ಒಬ್ಬಳ ಕೈಕಾಲು ತಣ್ಣಗಾಗುವುದನ್ನು ಕಂಡಿದ್ದೇನೆ. ಅವಳು ನೀಲಮ್ಮ.

ಟಿ. ದಾಸರಹಳ್ಳಿಯ ನಮ್ಮ ಮನೆಯ ಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದವಳು. ರಾಯಚೂರಿನ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ, ಇವಳು ಪೀಣ್ಯದ ಗಾರ್ಮೆಂಟ್ಸಿಗೆ. ಒಬ್ಬಳೇ ಮಗಳು ಗೌರಿ. ಆಯುಧಪೂಜೆಯ ದಿನ ಹೊಲಿಗೆ ಮೆಷಿನ್ನುಗಳಿಗೆ ಮಂಗಳಾರತಿ ಎತ್ತಿದಾಗ ನೀಲಮ್ಮ ಕುಸಿದುಬಿದ್ದಳಂತೆ. ದೇವರು ಮೈಮೇಲೆ ಬಂತೆಂದು ಜೊತೆಯವರು ಕೈಮುಗಿದು ನಿಂತರಂತೆ. ಮನೆಗೆ ಕರೆತಂದಾಗ ಇನ್ನೂ ನಡುಗುತ್ತಿದ್ದಳು. ಗಾಬರಿಯಲ್ಲಿ ನಾನು ಸಕ್ಕರೆಯ ಬದಲು ಉಪ್ಪು ಹಾಕಿ ಕಾಫಿ ಕೊಟ್ಟೆ. ಪಾಪ, ಅದನ್ನೂ ಕುಡಿದಳು. ಆಮೇಲೆ ಬಲಗೈ ಬಿಚ್ಚಿ ತೋರಿಸಿದಳು. ಅಂಗೈಯ ನಡುವೆ ಹಳೆಯ ಸುಟ್ಟ ಕಲೆ.

“ಅಪ್ಪ ಸತ್ತಾಗ ಸಣ್ಣಾಕಿ ಇದ್ದೆ, ಮಾತು ಬಿಟ್ಟಿದ್ದೆ ರೀ ಅಕ್ಕಾ. ದೆವ್ವ ಹೊಕ್ಕೈತಿ ಅಂದ್ರು. ಪೂಜಾರಿ ಬೇವಿನ ಟೊಂಗಿಲೆ ಹೊಡದ, ಕೈಯಾಗ ಕರ್ಪೂರ ಹಚ್ಚಿದ. ಕೊಡವಿದ್ರ ದೇವ್ರು ಸಿಟ್ಟಾಗ್ತಾನ ಅಂದ. ನಾ ಕೊಡವಲಿಲ್ಲ.”

ಚಿಕ್ಕಬಾಣಾವರದಲ್ಲಿ ಇಂಥವರ ಜೊತೆ ಕೂತು ಮಾತಾಡುವ ಒಬ್ಬ ಆಪ್ತಸಮಾಲೋಚಕಿ ಇದ್ದಾರೆಂದು ತಿಳಿದು ಅವಳನ್ನು ಕರೆದೊಯ್ದೆ. ಆ ಮೇಡಂ ಮೊದಲು ಕೇಳಿದ್ದು, “ಬಾಗಿಲು ತೆಗೆದಿರಲಾ, ಹಾಕಲಾ? ನಿಮಗೆ ಹೇಗೆ ಬೇಕು?” ತನಗೇನು ಬೇಕೆಂದು ಯಾರೂ ಕೇಳಿಯೇ ಇರಲಿಲ್ಲವೇನೋ, ನೀಲಮ್ಮ ಬಹಳ ಹೊತ್ತು ಯೋಚಿಸಿದಳು. ನಾನು ನಡುವೆ ಬಾಯಿ ಹಾಕಿ, “ದೇವರು ಒಳ್ಳೆಯವನು ಕಣೇ” ಎಂದು ಶುರುಮಾಡಿದೆ. “ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?” ಎಂದರು ಮೇಡಂ, ನಗುತ್ತಲೇ.

ಬಸ್ಸಿನಲ್ಲಿ ನೀಲಮ್ಮ ಹೇಳಿದಳು: “ದೇವ್ರನ್ನ ಬಿಡಬೇಕೇನ್ರಿ ಅಂತ ಕೇಳಿದೆ. ಬಿಡು ಅನ್ನಲಿಲ್ಲ, ಹಿಡಕೋ ಅನ್ನಲಿಲ್ಲ. ಅದು ನಿನಗ ಬಿಟ್ಟದ್ದು, ಆದ್ರ ನಿನ್ನ ಹೊಡದದ್ದು ತಪ್ಪು ಅಂದ್ರು.” ಅಷ್ಟು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು.

ಒಂದೇ ಸಲಕ್ಕೆ ಎಲ್ಲ ವಾಸಿಯಾಯಿತೆಂದುಕೊಳ್ಳಬೇಡಿ. ಕೆಲವು ವಾರ “ನಾ ಬರಂಗಿಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮತ್ತೆ ತಾನಾಗಿಯೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು.

ಹೀಗಿರುವಾಗ ಹೊಸ ಶಾಲೆಗೆ ಸೇರಿದ ಗೌರಿ ಊಟ, ಮಾತು ಎರಡನ್ನೂ ಕಡಿಮೆ ಮಾಡಿದಳು. ಊರಿಂದ ಬಂದ ನೀಲಮ್ಮನ ಅತ್ತೆ ಮೊಮ್ಮಗಳನ್ನು ನೋಡಿದ್ದೇ, “ಇದಕ್ಕೂ ಹೊಕ್ಕೈತಿ. ಪೂಜಾರಿ ಕಡೆ ಕರಕೊಂಡು ಹೋಗ್ತೀನಿ” ಎಂದು ಬಟ್ಟೆ ಕಟ್ಟಿದರು. ನೀಲಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು.

“ಒಲ್ಲೆ.”

“ದೇವ್ರ ಮಾತಿಗೆ ಎದುರಾಡ್ತೀಯೇನ?”

“ದೇವ್ರ ಮಾತಲ್ಲ ಅತ್ತಿ, ಮನಷ್ಯಾರದು.” ಅಂಗೈಯನ್ನು ಅತ್ತೆಯ ಮುಖದ ಮುಂದೆ ಹಿಡಿದಳು. ಅತ್ತೆಯೊಡನೆ ದನಿಯೆತ್ತಿ ಮಾತಾಡದವಳು! ಕೆಳಗೆ ನಿಂತಿದ್ದ ನಾನು ಎರಡು ಮೆಟ್ಟಿಲು ಹತ್ತಿದೆ.

ಮುದುಕಿ ಆ ಕಲೆಯನ್ನು ನೋಡುತ್ತ ನೋಡುತ್ತ ಮೆಟ್ಟಿಲ ಮೇಲೇ ಕೂತುಬಿಟ್ಟರು. “ನನ್ನ ಬೆನ್ನ ಮ್ಯಾಲೂ ಅದಾವವ್ವ” ಎಂದರು. “ಮೊದಲನೇ ಕೂಸು ಸತ್ತಾಗ ಅಳೋದು ನಿಲ್ಲಿಸಲಿಲ್ಲ ಅಂತ ಹೊಡದ್ರು. ಯಾರ ಮುಂದೂ ಅಂದಿದ್ದಿಲ್ಲ.”

ಬಟ್ಟೆಯ ಗಂಟನ್ನು ನೀಲಮ್ಮ ಒಳಗೆ ಒಯ್ದಿಟ್ಟಳು. ಗೌರಿಯ ಮಾತಿನ ಧಾಟಿಯನ್ನು ತರಗತಿಯ ಮಕ್ಕಳು ಆಡಿಕೊಂಡು ನಗುತ್ತಿದ್ದರೆಂಬುದು ಅವಳನ್ನೂ ಮೇಡಂ ಬಳಿ ಕರೆದೊಯ್ದ ಮೇಲೆ ತಿಳಿಯಿತು. ಅವರು ಟೀಚರ್ ಜೊತೆ ಮಾತಾಡಿದರು. ಈಗ ಹುಡುಗಿಯ ಬಾಯಿ ಮುಚ್ಚಿಸುವುದೇ ಕಷ್ಟ.

ಕಳೆದ ಭಾನುವಾರ ಮುದುಕಿ ತಾವೇ ಮೇಡಂ ಬಳಿ ಬರುತ್ತೇನೆಂದರು. ಅವರನ್ನು ಒಳಗೆ ಕಳಿಸಿ ನಾನು, ನೀಲಮ್ಮ ಹೊರಗೆ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ದೊಡ್ಡ ಅಳು ಕೇಳಿತು. ಸಮಾಧಾನದ ಮಾತೆಲ್ಲ ಬಾಯಿಗೆ ಬಂದು ನಾನು ಎದ್ದೇಬಿಟ್ಟೆ. ನೀಲಮ್ಮ ಕೈಹಿಡಿದು ಕೂರಿಸಿದಳು.

“ಅಳಲಿ ಬಿಡ್ರಿ ಅಕ್ಕಾ. ಅವತ್ತು ಅಳಾಕ ಬಿಟ್ಟಿದ್ದಿಲ್ಲ.”

ನಾನು ಬಾಯಿ ಮುಚ್ಚಿಕೊಂಡು ಕೂತೆ.