ಮೆಹ್ರಿಯ ಅಣ್ಣನ ಮುಖ

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಲಹಳ್ಳಿಯ ನಮ್ಮ ಮನೆಯಲ್ಲಿ ಆಗ ಪ್ರತಿ ಕೆಲಸಕ್ಕೂ ಹೊತ್ತು ಗೊತ್ತಾಗಿತ್ತು. ಐದಕ್ಕೆ ಅಮ್ಮ ಹಾಲು ಕರೆಯಬೇಕು, ಆರಕ್ಕೆ ನಾನು ಅಂಗಳ ಗುಡಿಸಬೇಕು. ನನಗೆ ಹತ್ತು ತುಂಬಿದ ಮಳೆಗಾಲದಲ್ಲಿ ಇನ್ನೊಂದು ಕೆಲಸ ಸೇರಿತು: ಮೆಹ್ರಿ ಮಾಡುತ್ತಿದ್ದ ಮಣ್ಣಿನ ಮುಖ ಒಣಗದಂತೆ, ಅದಕ್ಕೆ ಸುತ್ತಿದ ಗೋಣಿಬಟ್ಟೆಗೆ ನೀರು ಚಿಮುಕಿಸುವುದು.

ಮೆಹ್ರಿ ಇರಾನಿನವಳು. ಮೈಸೂರಿನಲ್ಲಿ ಶಿಲ್ಪಕಲೆ ಕಲಿಯುತ್ತ, ನಮ್ಮ ಬೆಲ್ಲದ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದಿದ್ದಳು. ಅಲ್ಲೆಲ್ಲ ಹಸಿಮಣ್ಣು, ಹಳೆ ಬೆಲ್ಲ ಬೆರೆತ ವಾಸನೆ. ಅಚ್ಚುಬೆಲ್ಲದ ಚೂರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಾಲಿಲ್ಲದ ಟೀ ಹೀರುತ್ತಿದ್ದಳು.

"ಮನೇಲಿ ಎರಡೆಮ್ಮೆ ಕರೀತಾವೆ, ಈ ಕರೀನೀರ್ ಯಾಕವ್ವ?" ಎಂದು ಅಜ್ಜಿ ರೇಗಿಸುತ್ತಿದ್ದಳು.

"ಕರು ಕುಡ್ಕಳ್ಳಿ ಬುಡಜ್ಜಿ!" ಎನ್ನುವಳು ಮೆಹ್ರಿ, ನಮ್ಮಿಂದಲೇ ಕಲಿತ ಮಾತಿನಲ್ಲಿ.

ಒಮ್ಮೆ ನಾನು ಮಣ್ಣಿನ ಮುಖ ತೋರಿಸಿ, "ಇದ್ಯಾರಕ್ಕ?" ಎಂದೆ.

"ಅಣ್ಣ. ಯುದ್ಧದಲ್ಲಿ ಓಗ್ಬುಟ್ಟ. ಬಾಂಬ್ ಬಿದ್ದು ಮನೆ ಸುಟ್ಟೋಯ್ತು, ಫೋಟೋನೂ ಓಯ್ತು. ಮರ್ತೋಗಕ್ ಮುಂಚೆ ಮಾಡ್ಬೇಕು."

ಗೌರಿಹಬ್ಬದ ಹಿಂದಿನ ದಿನ ಮುಖ ಮುಗಿಯಿತು. ಅಚ್ಚು ತೆಗೆಯಲು ಪ್ಲಾಸ್ಟರ್ ತರುವುದಕ್ಕೆ ಮೈಸೂರಿಗೆ ಹೋದವಳು, ಹಬ್ಬಕ್ಕೆ ಅಂಗಡಿ ಮುಚ್ಚಿದ್ದರಿಂದ ಕೆಲವು ದಿನ ಅಲ್ಲೇ ಉಳಿದಳು.

ಹಬ್ಬದ ದಿನ ನಾನು ಗೌರಿಗೆ ಇಟ್ಟಂತೆ ಅವಳ ಅಣ್ಣನಿಗೂ ಕುಂಕುಮ, ದಾಸವಾಳ ಇಟ್ಟೆ. ಅವನೊಬ್ಬನೇ ಹಾಗೆ ಕೂರಬಾರದು ಎನಿಸಿತ್ತು. ಗೌರಿಯನ್ನು ಬಿಡುವ ದಿನ ಅಜ್ಜಿ, "ಪೂಜೆ ಮಾಡಿದ್ ಮಣ್ಣ ಮನೇಲಿ ಮಡಿಕಬಾರ್ದು ಕಣೆ, ನೀರ್ಗೆ ಬುಡ್ಬೇಕು," ಎಂದಳು. ಕ್ರಮ ತಪ್ಪಬಾರದಲ್ಲ! ಎಳನೀರಿನ ಗಾತ್ರದ ಆ ತಲೆಯನ್ನು ಕುಕ್ಕೆಯಲ್ಲಿಟ್ಟು, ಮೇಲೆ ಹೂ ಮುಚ್ಚಿ, ಹೆಂಗಸರ ಹಿಂದೆ ನಾಲೆಗೆ ಹೋದೆ. ಮೂರು ಸಲ ಮುಳುಗಿಸಿ ಕೈಬಿಟ್ಟೆ.

ಮಾರನೆಯ ದಿನ ಮೆಹ್ರಿ ಪ್ಲಾಸ್ಟರ್ ಚೀಲ ಹೊತ್ತು ಬಸ್ಸಿಳಿದಳು.

"ಅಣ್ಣನ್ನ ನಾಲೆಗೆ ಬುಟ್ಟೆ ಅಕ್ಕ. ಸರಿಯಾಗಿ, ಮೂರ್ ಸಲ ಮುಳುಗ್ಸಿ," ಎಂದು ಶಹಬ್ಬಾಸ್‌ಗಿರಿಗೆ ಕಾದು ನಿಂತೆ.

ಚೀಲ ಅಲ್ಲೇ ಬಿತ್ತು. ಅವಳು ನಾಲೆಯ ಏರಿಯ ಮೇಲೆ ನೀರು ಹೋದ ದಿಕ್ಕಿಗೆ ಬಹಳ ದೂರ ಓಡಿದಳು. ತಿರುಗಿ ಬಂದಾಗ ಅಜ್ಜಿ ನನಗೆ ಹೊಡೆಯಲು ಕೈಯೆತ್ತಿದ್ದಳು.

"ಬುಡಜ್ಜಿ," ಎಂದಳು ಮೆಹ್ರಿ. "ಅಣ್ಣಂಗೆ ಹೂ ಇಟ್ಟೋಳು ಇವ್ಳೊಬ್ಳೆ."

ಆಮೇಲೆ ಅದೇ ಮುಖವನ್ನು ಮತ್ತೆ ಮತ್ತೆ ಮಾಡಿದಳು. ಒಂದು ಮುಖ ನಮ್ಮಪ್ಪನಂತೆ ಬಂತು, ಇನ್ನೊಂದು ಬಸ್ ಕಂಡಕ್ಟರನಂತೆ. ಎಲ್ಲವನ್ನೂ ಕಲಸಿಬಿಟ್ಟಳು. ದೀಪಾವಳಿ ಕಳೆದ ಮೇಲೆ ಕೊಟ್ಟಿಗೆ ಗುಡಿಸಿಟ್ಟು ಹೊರಟುಹೋದಳು. ಕಾಗದ ಬರಲಿಲ್ಲ.

ಈಗ ಆ ಕೊಟ್ಟಿಗೆಯಿಲ್ಲ, ಅಜ್ಜಿಯಿಲ್ಲ. ಮೆಹ್ರಿ ಎಲ್ಲಿದ್ದಾಳೋ ತಿಳಿಯದು. ಎಡಗಿವಿ ಕೊಂಚ ಮುಂದಕ್ಕೆ, ತುಟಿಯ ಕೊನೆಯಲ್ಲಿ ನಗುವ ಮೊದಲಿನ ಸಣ್ಣ ಗುಳಿ. ಅವಳ ಅಣ್ಣನ ಆ ಮುಖ ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ.