ಸತ್ತು ಬಂದ ಅಪ್ಪನಿಗೆ ಕೆಂಪುನೀರು

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ವರ್ಷಕ್ಕೆ ಏಳೆಂಟು ಸಲ ಸಾಯುತ್ತಿದ್ದರು. ನಗಬೇಡಿ ಮಕ್ಕಳೇ, ನಿಜ. ಅಪ್ಪ ನಾಟಕದವರು. ಮೀಸೆ ಮೂಡುವ ಮೊದಲೇ ಹೆಣ್ಣುವೇಷ ಹಾಕಿ, ಆಮೇಲೆ ಕಂಪನಿ ಸೇರಿ, ಊರೂರು ಸುತ್ತಿ ರಾಜ, ರಾಕ್ಷಸ, ಕುರುಡು ಮುದುಕ ಎಲ್ಲವೂ ಆದವರು. ಹೊರಗೆ ನಿಂತ ಕಡಲೆಕಾಯಿ ಮಾರುವವನಿಗೂ ಕೇಳುವಂತೆ ಸಾಯುತ್ತಿದ್ದರು. ಜನ 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತವರು ಎದ್ದು, ಧೂಳು ಕೊಡವಿಕೊಂಡು, ಕೊನೆಯ ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದರು. ಆಗಿನ ನಾಟಕದ ಪದ್ಧತಿಯೇ ಅದು.

ನಮ್ಮ ಮನೆಗೂ ಒಂದು ಪದ್ಧತಿಯಿತ್ತು. ಸಾಯುವ ಪಾತ್ರ ಮಾಡಿ ಬಂದವರು ಹಾಗೇ ಹೊಸಿಲು ದಾಟುವಂತಿಲ್ಲ. ಅಕ್ಕೂರಿನ ನಮ್ಮ ಮನೆಯಂಗಳದಲ್ಲಿ ನಿಂತು ಅಪ್ಪ, "ಸತ್ತು ಬಂದಿವ್ನಿ ಕಣಮ್ಮಿ, ನೀರು ತತ್ತಾ!" ಎಂದು ಕೂಗುತ್ತಿದ್ದರು. ಅವ್ವ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಕಲಸಿ, ಕೆಂಪಾದ ಆ ನೀರನ್ನು ಮೂರು ಸುತ್ತು ನಿವಾಳಿಸಿ ಬೀದಿಗೆ ಚೆಲ್ಲಬೇಕು. ಆಮೇಲಷ್ಟೇ ಅಪ್ಪ ಒಳಗೆ ಬರುತ್ತಿದ್ದರು.

ನನಗೆ ಆರೋ ಏಳೋ ವರ್ಷ. ಅಪ್ಪ ಮೊದಲ ಸಲ ಪಾತ್ರ ಮಾಡಿದ್ದ ಸಿನಿಮಾ ಚನ್ನಪಟ್ಟಣದ ಟಾಕೀಸಿಗೆ ಬಂತು. ರಾಮನಗರದ ಬಂಡೆಗಳ ಮೇಲೆ ನಾಲ್ಕು ದಿನ ಶೂಟಿಂಗ್ ಆಗಿತ್ತು ಎಂಬುದಷ್ಟೇ ನಮಗೆ ಗೊತ್ತಿತ್ತು. ಅಪ್ಪ ಆಗ ಕಂಪನಿಯ ಜೊತೆ ಮಾಗಡಿಯಲ್ಲಿದ್ದರು. ಶುಕ್ರವಾರ ಬರುತ್ತೇನೆ ಎಂದವರು ಭಾನುವಾರವಾದರೂ ಬಂದಿರಲಿಲ್ಲ. ಅವತ್ತು ನಮ್ಮ ರೇಷ್ಮೆಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸತ್ತಂತೆ ಇರುತ್ತವೆ. ಅದನ್ನೇ ಜ್ವರ ಅನ್ನುತ್ತಿದ್ದೆವು. ಸೊಪ್ಪು ಕೊಯ್ಯುವ ಕೆಲಸವಿರಲಿಲ್ಲವಾದ್ದರಿಂದ ಅವ್ವ ಅಕ್ಕನನ್ನೂ ನನ್ನನ್ನೂ ಮ್ಯಾಟ್ನಿಗೆ ಕರೆದುಕೊಂಡು ಹೊರಟರು.

ಬಸ್ಸಿಳಿದಾಗ ರೇಷ್ಮೆಗೂಡು ಬೇಯಿಸುವ ಕಮಟು ವಾಸನೆ ಮೂಗಿಗೆ ಬಡಿಯಿತು. ಟಾಕೀಸಿನ ಒಳಗೆ ಬೀಡಿ ಹೊಗೆ. ಹೆಂಗಸರ ಬೆಂಚಿನಲ್ಲಿ ಒತ್ತಿಕೊಂಡು ಕೂತೆವು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಪ್ಪ ಬಂದರು. ಅವರ ಹಣೆಯೇ ನಮ್ಮ ಮನೆ ಬಾಗಿಲಿನಷ್ಟಿತ್ತು! ಆದರೆ ಅಷ್ಟು ದೊಡ್ಡ ಅಪ್ಪ ಯಾಕೆ ಇಷ್ಟು ಮೆಲ್ಲಗೆ ಮಾತಾಡುತ್ತಾರೆ? ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಯಾರೋ ಗುಂಡು ಹಾರಿಸಿದರು. ಹಾಡಿಲ್ಲ, ಏನಿಲ್ಲ, ಅಪ್ಪ ಬಂಡೆಗೆ ಒರಗಿ ಕಣ್ಣು ಮುಚ್ಚಿಬಿಟ್ಟರು.

ನಾನು ಬೆಂಚಿನ ಮೇಲೆ ನಿಂತು "ಒನ್ಸ್ ಮೋರ್!" ಎಂದು ಕಿರುಚಿದೆ. ಅಪ್ಪ ಏಳಲಿಲ್ಲ. ಇನ್ನೂ ಜೋರಾಗಿ ಕಿರುಚಿದೆ. ಪಕ್ಕದಲ್ಲಿದ್ದ ಬುರ್ಖಾದ ಅಜ್ಜಿ ನನ್ನ ಲಂಗ ಹಿಡಿದೆಳೆದು, "ಅರೆ ಬೇಟಿ, ಪರ್ದೆಗೆ ಕಿವಿ ಎಲ್ಲೈತೆ? ಕೂತ್ಕೋ," ಎಂದರು. ಅಷ್ಟರಲ್ಲಿ ಯಾರೋ ಇಬ್ಬರು ತೋಟದಲ್ಲಿ ಕುಣಿಯತೊಡಗಿದ್ದರು. ಅಪ್ಪನನ್ನು ಬಂಡೆ ಮೇಲೆ ಬಿಟ್ಟು ಇವರು ಹೇಗೆ ಕುಣಿಯುತ್ತಾರೆ?

"ಸಿನಿಮಾದ್ದು ಕಣೇ, ಸುಮ್ಕಿರೇ," ಎಂದಳು ಅಕ್ಕ. ಆದರೆ ಮರುಕ್ಷಣವೇ ಅವಳ ದನಿ ಸಣ್ಣಗಾಯಿತು. "ಅವ್ವಾ, ಬಂಡೆಯಿಂದ ಬಂದ್ ದಿನ ಅಪ್ಪ ನೀರು ಕೇಳ್ಲೇ ಇಲ್ವಲ್ಲ?"

ಕಡಲೆಕಾಯಿ ಸುಲಿಯುತ್ತಿದ್ದ ಅವ್ವನ ಕೈ ನಿಂತುಹೋಯಿತು. ಹೌದಲ್ಲ! ಆ ಸಾವನ್ನು ಯಾರೂ ನಿವಾಳಿಸಿಯೇ ಇರಲಿಲ್ಲ. ಶುಕ್ರವಾರ ಬರಬೇಕಿದ್ದ ಅಪ್ಪ ಬಂದಿಲ್ಲ. ಅರ್ಧಕ್ಕೇ ಎದ್ದು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವ್ವ, "ಹುಳ ಜ್ವರಕ್ಕೆ ಕೂತ್ರೆ ಸತ್ತಂಗೇ ಇರ್ತದೆ, ಏಳಕಿಲ್ವಾ?" ಎನ್ನುತ್ತಿದ್ದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ.

ಮನೆ ಹತ್ತಿರ ಬಂದರೆ ಜಗಲಿಯ ಮೇಲೆ ಅಪ್ಪ ಕೂತಿದ್ದಾರೆ! "ಎಲ್ಲೋಗಿದ್ರಿ ಎಲ್ರೂವೆ? ಇನ್ನೆರಡು ಆಟ ಆಡಿ ಅಂತ ಇಟ್ಕಂಬುಟ್ರು ಕಣಮ್ಮಿ. ಹೊಟ್ಟೆ ಹಸೀತಾ ಐತೆ," ಎನ್ನುತ್ತಾ ಬಾಗಿಲ ಕಡೆ ಹೆಜ್ಜೆ ಇಟ್ಟರು. ನಾನು ಓಡಿ ಅವರ ಕಾಲು ತಬ್ಬಿಕೊಂಡೆ. "ಒಳೀಕೆ ಹೋಗ್ಬೇಡಪ್ಪಾ, ನೀನು ಸತ್ತೋಗಿದ್ದೀಯ!"

ಅಪ್ಪ ಹೊಟ್ಟೆ ಹಿಡಿದು ನಕ್ಕರು. "ಅದು ನಾಟ್ಕ ಅಲ್ಲ ಕಣವ್ವ. ಒಂದ್ಸಲ ಬಿದ್ದೆ, ಎದ್ದು ಟೀ ಕುಡುದೆ."

ತಟ್ಟೆ ಹಿಡಿದು ಬಂದ ಅವ್ವ ನಗಲಿಲ್ಲ. "ನೀವು ಬಿದ್ದಿದ್ದು ಒಂದ್ಸಲ. ಪಟ್ಣದಲ್ಲಿ ದಿನಕ್ಕೆ ಮೂರ್ಸಲ ಬೀಳ್ತಾ ಇದ್ದೀರಿ. ನಾನು ಎಷ್ಟು ನೀರು ಕಲಸ್ಲಿ?"

ಅಪ್ಪ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದು ಅಂಗಳಕ್ಕೆ ಇಳಿದರು. ಸಂಜೆಯ ಬಿಸಿಲು ನೋಡಿ, "ಫಸ್ಟ್ ಶೋ ಶುರುವಾಗೋ ಹೊತ್ತು," ಎಂದು ಗೊಣಗಿ, ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ನೀರು ತೆಗೆಸಿಕೊಂಡರು.

ಸಿನಿಮಾ ಚನ್ನಪಟ್ಟಣದಲ್ಲಿ ಇರುವಷ್ಟು ದಿನ ಅವ್ವ ಪ್ರತಿ ಸಂಜೆ ಕೆಂಪುನೀರು ತೆಗೆದರು. ಆಮೇಲೆ ಅದು ಕನಕಪುರಕ್ಕೆ ಹೋಯಿತು. ಅಲ್ಲಿಂದ ಎಲ್ಲಿಗೋ. ಅಪ್ಪ ಎಲ್ಲಿ, ಯಾವಾಗ ಸಾಯುತ್ತಿದ್ದಾರೆ ಎಂದು ತಿಳಿಯದೆ ಅವ್ವನ ಲೆಕ್ಕ ತಪ್ಪಿತು. ಅಪ್ಪ ಆಮೇಲೆ ಬಹಳ ಸಿನಿಮಾಗಳಲ್ಲಿ ಮುದುಕರಾದರು, ಪೂಜಾರಿಯಾದರು, ಸತ್ತರು. ನಾಟಕ ಮಾತ್ರ ಬಿಡಲಿಲ್ಲ. ಕೊನೆಗೊಂದು ದಿನ ನಮ್ಮ ನಡುಮನೆಯ ಮಂಚದ ಮೇಲೆ ಕಣ್ಣು ಮುಚ್ಚಿದರು. 'ಒನ್ಸ್ ಮೋರ್' ನನ್ನ ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಮೊನ್ನೆ ನೀವು ಮೊಬೈಲಿನಲ್ಲಿ ಅದೇ ಸಿನಿಮಾ ಹುಡುಕಿ ತೆಗೆದಿರಿ. ಅಂದು ಬಾಗಿಲಿನಷ್ಟಿದ್ದ ಹಣೆ ಈಗ ಅವರೆಕಾಳಿನಷ್ಟು. ಗುಂಡು ಹಾರಿತು, ಅಪ್ಪ ಒರಗಿದರು. "ಇನ್ನೊಂದ್ಸಲ ನೋಡಣ ಅಜ್ಜಿ," ಎಂದು ನಿಮ್ಮಲ್ಲೊಬ್ಬರು ಬೆರಳಿನಿಂದ ಚಿತ್ರವನ್ನು ಹಿಂದಕ್ಕೆ ಎಳೆದರು. ಅಪ್ಪ ಎದ್ದು ನಿಂತರು! ನಾನು ಅಷ್ಟು ಕೂಗಿದರೂ ಏಳದವರು ನಿಮ್ಮ ಒಂದು ಬೆರಳಿಗೆ ಎದ್ದರು. ನೀವು ಮತ್ತೆ ಮತ್ತೆ ಎಳೆದಿರಿ, ಅವರು ಮತ್ತೆ ಮತ್ತೆ ಎದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ ಅರಿಶಿನ, ಸುಣ್ಣ ಕಲಸಿದೆ. ತಂದ ಮೇಲೆ ಯಾರಿಗೆ ನಿವಾಳಿಸುವುದು ಎಂದು ಗೊತ್ತಾಗಲಿಲ್ಲ. ನೀವು ನಗುತ್ತಿದ್ದಿರಿ. ಫೋನಿಗೆ ಹನಿ ಸಿಡಿಯದ ಹಾಗೆ ಮೆಲ್ಲಗೆ ಮೂರು ಸುತ್ತು ತೆಗೆದೆ.